ಬಾಣಲೆಯ ಎಣ್ಣೆ, ಸುಮಾತ್ರಾದ ಹೊಗೆ: ಮಳೆಕಾಡು ಹೇಗೆ ಕೈತಪ್ಪಿತು, ಹೇಗೆ ಸ್ವಲ್ಪ ಉಳಿಯಿತು

ಸಂಜೆ ಅಸರ್ ಕಳೆದ ಮೇಲೆ ಉಪ್ಪಳ, ಮಂಜೇಶ್ವರ, ಕಾಸರಗೋಡಿನ ಯಾವ ಹೋಟೆಲ್ ಮುಂದೆ ನಿಂತರೂ ಅದೇ ವಾಸನೆ. ಸಮೋಸ, ಪಳಂಪೊರಿ, ಉನ್ನಕಾಯಿ ಬಾಣಲೆಯಲ್ಲಿ ಏಳುತ್ತಿರುತ್ತವೆ. ರಂಝಾನಿನಲ್ಲಂತೂ ಕೇಳುವುದೇ ಬೇಡ. ತೆಂಗಿನ ನಾಡು ಇದು, ಆದರೆ ಬಾಣಲೆಯಲ್ಲಿರುವುದು ಹೆಚ್ಚಾಗಿ ತೆಂಗಿನೆಣ್ಣೆ ಅಲ್ಲ. ಪಕ್ಕದಲ್ಲಿಟ್ಟಿರುವ ಟಿನ್ ಮೇಲೆ 'ಪಾಮೊಲಿನ್' ಅಂತ ಬರೆದಿರುತ್ತದೆ. ಬೇಕರಿಯ ಬಿಸ್ಕತ್ತು, ಪಫ್ಸ್, ಐಸ್‌ಕ್ರೀಮ್, ಬಾತ್‌ರೂಮಿನ ಸೋಪು, ಹೀಗೆ ಹುಡುಕುತ್ತಾ ಹೋದರೆ ಇದೇ ಎಣ್ಣೆ ಮನೆಯ ಮೂಲೆ ಮೂಲೆಯಲ್ಲಿ ಸಿಗುತ್ತದೆ. ಕೇರಳದವರಿಗೆ 'ಪಾಮೊಲಿನ್ ಕೇಸ್' ಎಂಬ ಹೆಸರಾದರೂ ನೆನಪಿರುತ್ತದೆ. 1991-92ರಲ್ಲಿ ಮಲೇಷ್ಯಾದಿಂದ ತರಿಸಿದ ಎಣ್ಣೆಯ ವ್ಯವಹಾರ ದಶಕಗಟ್ಟಲೆ ರಾಜಕೀಯದಲ್ಲಿ ಕುದಿಯಿತು. ಆ ಎಣ್ಣೆ ಯಾವ ಬೆಲೆಗೆ ಬಂತು ಎಂದು ಎಲ್ಲರೂ ಕೇಳಿದರು. ಯಾವ ನೆಲದಿಂದ ಬಂತು ಎಂಬ ಪ್ರಶ್ನೆ ಎಲ್ಲೂ ಏಳಲಿಲ್ಲ.

ಭಾರತ ತನಗೆ ಬೇಕಾದ ಅಡುಗೆ ಎಣ್ಣೆಯಲ್ಲಿ ಅರ್ಧಕ್ಕಿಂತ ಹೆಚ್ಚನ್ನು ಹೊರಗಿನಿಂದ ತರಿಸುತ್ತದೆ. ಅದರಲ್ಲಿ ಅತಿ ದೊಡ್ಡ ಪಾಲು ತಾಳೆ ಎಣ್ಣೆಯದು. ಇತ್ತೀಚಿನ ವರ್ಷಗಳಲ್ಲಿ ಬಂದದ್ದು ವರ್ಷಕ್ಕೆ 75ರಿಂದ 100 ಲಕ್ಷ ಟನ್. ಪಣಂಬೂರಿನ ನವಮಂಗಳೂರು ಬಂದರಿಗೂ ಈ ಎಣ್ಣೆಯ ಹಡಗುಗಳು ಬರುತ್ತವೆ, ಬೈಕಂಪಾಡಿ ಕಡೆಯ ಕಾರ್ಖಾನೆಗಳಲ್ಲಿ ಅದು ಶುದ್ಧವಾಗಿ ಟಿನ್ ಸೇರುತ್ತದೆ. ಹಡಗು ಹೊರಟ ಜಾಗವನ್ನು ಹಿಂಬಾಲಿಸಿದರೆ ಸಿಗುವುದು ಮುಖ್ಯವಾಗಿ ಎರಡು ದೇಶ, ಇಂಡೋನೇಷ್ಯಾ ಮತ್ತು ಮಲೇಷ್ಯಾ. ಜಗತ್ತಿನ ತಾಳೆ ಎಣ್ಣೆಯಲ್ಲಿ ನೂರಕ್ಕೆ ಸುಮಾರು 85 ಪಾಲು ಇವೆರಡರದ್ದೇ. ಸುಮಾತ್ರಾ ಮತ್ತು ಬೋರ್ನಿಯೊ ದ್ವೀಪಗಳ ಮಳೆಕಾಡು ನಿಂತಿದ್ದ ಜಾಗದಲ್ಲಿ ಇಂದು ಮೈಲುಗಟ್ಟಲೆ ಒಂದೇ ಮರದ ಸಾಲು.

ಇಲ್ಲಿ ಹೆಸರಿನ ಗೊಂದಲವೊಂದನ್ನು ಬಿಡಿಸಬೇಕು. ಇದು ಊರಿನ ತಾಳೆ ಮರ ಅಲ್ಲ. ಎಣ್ಣೆ ಕೊಡುವ ತಾಳೆಯ ಮೂಲ ಪಶ್ಚಿಮ ಆಫ್ರಿಕಾ. 1848ರಲ್ಲಿ ಡಚ್ಚರ ಕಾಲದಲ್ಲಿ ಜಾವಾದ ಬೋಗೋರ್ ಸಸ್ಯೋದ್ಯಾನದಲ್ಲಿ ನಾಲ್ಕು ಗಿಡ ನೆಟ್ಟರು. ಅರವತ್ತು ವರ್ಷ ಅದು ಬರೀ ಚೆಂದದ ಗಿಡ. 1911ರ ಹೊತ್ತಿಗೆ ಸುಮಾತ್ರಾದಲ್ಲಿ ವ್ಯಾಪಾರಕ್ಕಾಗಿ ತೋಟ ಶುರುವಾಯಿತು. ಆ ಮರಕ್ಕೆ ವರ್ಷವಿಡೀ ಮಳೆ, ವರ್ಷವಿಡೀ ಸೆಕೆ ಬೇಕು. ಅಂದರೆ ಮಳೆಕಾಡಿಗೆ ಬೇಕಾದ ಹವೆಯೇ ಅದಕ್ಕೂ ಬೇಕು. ಜಗಳ ಶುರುವಾಗುವುದು ಇಲ್ಲಿಂದಲೇ.

ಆದರೆ ತಪ್ಪೆಲ್ಲಾ ಮರದ ತಲೆಗೆ ಕಟ್ಟಿದರೆ ಅರ್ಧ ಕಥೆ ಮಾತ್ರ ಹೇಳಿದಂತೆ. ಕಾಡು ಮೊದಲು ಹೋದದ್ದು ಎಣ್ಣೆಗಲ್ಲ, ಮರದ ದಿಮ್ಮಿಗೆ. ಸುಹಾರ್ತೊ ಅಧಿಕಾರಕ್ಕೆ ಬಂದ ಕಾಲದಲ್ಲಿ, 1967ರ ಅರಣ್ಯ ಕಾಯ್ದೆಯಡಿ, ಸರಕಾರ ಕಾಡನ್ನು ತುಂಡು ತುಂಡು ಮಾಡಿ ಮರ ಕಡಿಯುವ ಗುತ್ತಿಗೆಗೆ ಕೊಟ್ಟಿತು. ಕೊನೆ ಕೊನೆಗೆ ಈ ಗುತ್ತಿಗೆಗಳ ವಿಸ್ತಾರ ಸುಮಾರು 6 ಕೋಟಿ ಹೆಕ್ಟೇರ್ ಮುಟ್ಟಿತು. ಇಡೀ ಕರ್ನಾಟಕದ ಮೂರು ಪಟ್ಟು ಜಾಗ. ಗುತ್ತಿಗೆ ಸಿಕ್ಕಿದ್ದು ಸೇನಾಧಿಕಾರಿಗಳಿಗೆ, ಅಧ್ಯಕ್ಷರ ಆಪ್ತರಿಗೆ, ಅವರ ಪಾಲುದಾರರಿಗೆ. ಆ ಕಾಡಿನಲ್ಲಿ ತಲೆತಲಾಂತರದಿಂದ ಇದ್ದವರಿಗೆ ಒಂದು ಕಾಗದವೂ ಸಿಗಲಿಲ್ಲ. ಅವರ ಊರು, ಗೋರಿಸ್ಥಾನ, ಹಣ್ಣಿನ ಮರ ಎಲ್ಲವೂ ನಕ್ಷೆಯಲ್ಲಿ 'ಸರಕಾರಿ ಕಾಡು' ಎಂಬ ಹಸುರು ಬಣ್ಣದೊಳಗೆ ಮುಳುಗಿಹೋಯಿತು.

ದೊಡ್ಡ ಮರ ಹೋದ ಮೇಲೆ ಉಳಿದದ್ದು ಕುಂಟು ಕಾಡು. 'ಇದು ಹಾಳಾದ ಕಾಡು, ತೋಟ ಮಾಡಿದರೆ ಲಾಭ' ಎಂಬ ಮಾತು ಆಗ ಸುಲಭವಾಯಿತು. ತೋಟದ ಲೈಸನ್ಸ್ ಪಡೆದ ಕೆಲವರು ಉಳಿದ ಮರ ಮಾರಿ, ಗಿಡವನ್ನೇ ನೆಡದೆ ಜಾಗ ಬಿಟ್ಟು ಹೋದದ್ದೂ ಉಂಟು. ಅಂದರೆ ಅವರಿಗೆ ತೋಟ ಬರೀ ನೆಪ.

ತಾಳೆ ಯಾಕೆ ಇಷ್ಟು ದೊಡ್ಡ ತುಂಡುಗಳಲ್ಲೇ ಕಾಡನ್ನು ತಿನ್ನುತ್ತದೆ ಎಂಬುದಕ್ಕೆ ಸರಳ ಕಾರಣವಿದೆ. ಗೊನೆ ಕೊಯ್ದ 24ರಿಂದ 48 ಗಂಟೆಯೊಳಗೆ ಅದು ಗಾಣ ಸೇರಬೇಕು, ಇಲ್ಲದಿದ್ದರೆ ಹಣ್ಣಿನೊಳಗೆ ಆಮ್ಲ ಹೆಚ್ಚಿ ಎಣ್ಣೆ ಕೆಡುತ್ತದೆ. ಅಡಿಕೆಯ ಹಾಗೆ ಒಣಗಿಸಿ ರೇಟು ಬರುವವರೆಗೆ ಅಟ್ಟದಲ್ಲಿಡುವ ಬೆಳೆ ಅಲ್ಲ ಇದು. ಹಾಗಾಗಿ ಕಾರ್ಖಾನೆ ತೋಟದ ನಡುವೆಯೇ ಇರಬೇಕು. ಅದು ದಿನವಿಡೀ ಓಡಬೇಕಾದರೆ ಸುತ್ತ ಸಾವಿರಾರು ಹೆಕ್ಟೇರ್ ತೋಟ ಬೇಕು. ತೋಟಕ್ಕೆ ರಸ್ತೆ, ರಸ್ತೆಯ ಹಿಂದೆ ಇನ್ನಷ್ಟು ಕಡಿತ. ಇಂಡೋನೇಷ್ಯಾದ ತಾಳೆ ತೋಟದಲ್ಲಿ ನೂರಕ್ಕೆ ಸುಮಾರು 40 ಭಾಗ ಸಣ್ಣ ರೈತರ ಕೈಯಲ್ಲಿದೆ ನಿಜ. ಆದರೆ ಗೊನೆ ಎರಡು ದಿನದಲ್ಲಿ ಕೊಳೆಯುವ ವಸ್ತುವಾದ್ದರಿಂದ, ಪಕ್ಕದಲ್ಲಿರುವ ಒಂದೇ ಕಾರ್ಖಾನೆ ಹೇಳಿದ ಬೆಲೆಗೆ ಅವರು ತಲೆಯಾಡಿಸಬೇಕು.

ಒಳ್ಳೆಯ ಒಣನೆಲ ಮುಗಿಯುತ್ತಾ ಬಂದಂತೆ ಕಂಪೆನಿಗಳು ಕರಾವಳಿಯ ಕೆಸರುಕಾಡಿಗೆ ಕೈ ಹಾಕಿದವು. ದೊಡ್ಡ ಅನಾಹುತ ಶುರುವಾದದ್ದು ಆಗ.

ಸುಮಾತ್ರಾದ ಪೂರ್ವ ತೀರ, ಬೋರ್ನಿಯೊದ ದಕ್ಷಿಣ ಭಾಗಗಳಲ್ಲಿ ಮಳೆಕಾಡು ನಿಂತಿರುವುದು ಮಣ್ಣಿನ ಮೇಲಲ್ಲ. ಎಲೆ, ಬೇರು, ಬಿದ್ದ ಮರ ಎಲ್ಲಾ ನೀರಿನಲ್ಲಿ ಮುಳುಗಿ, ಗಾಳಿ ಸಿಗದೆ ಪೂರ್ತಿ ಕೊಳೆಯದೆ, ಸಾವಿರಾರು ವರ್ಷ ಪದರ ಪದರವಾಗಿ ಕೂತಿವೆ. ಇದಕ್ಕೆ ಪೀಟ್ ಎನ್ನುತ್ತಾರೆ. ಕೆಲವೆಡೆ ಇದರ ಆಳ ಹತ್ತು ಮೀಟರಿಗೂ ಹೆಚ್ಚು. ಕೈಯಲ್ಲಿ ಹಿಡಿದರೆ ಒದ್ದೆ ಸ್ಪಂಜಿನಂತೆ, ಒಣಗಿಸಿದರೆ ಸೌದೆ. ಒದ್ದೆ ಇರುವಷ್ಟು ದಿನ ಅದು ಮಳೆಗಾಲದ ನೀರನ್ನು ಹೀರಿ ಬೇಸಗೆಯಲ್ಲಿ ಮೆಲ್ಲಗೆ ಬಿಡುತ್ತದೆ.

ತಾಳೆ ನೆಡಬೇಕಾದರೆ ಬುಡದಲ್ಲಿ ನೀರು ನಿಲ್ಲಬಾರದು. ಹಾಗಾಗಿ ಕಂಪೆನಿ ಮೊದಲು ಮಾಡುವ ಕೆಲಸ ಕಾಲುವೆ ತೋಡುವುದು. ಕಾಡಿನಿಂದ ನೀರು ಹೊಳೆಗೆ ಇಳಿದುಹೋಗುತ್ತದೆ. ನೀರು ಇಳಿದ ಕೂಡಲೇ ಗಾಳಿ ಒಳಹೊಕ್ಕು ಪೀಟ್ ಕೊಳೆಯಲು ಶುರು. ನೆಲ ಕುಸಿಯುತ್ತದೆ, ಮೊದಲ ಕೆಲವು ವರ್ಷಗಳಲ್ಲಿ ಒಂದು ಮೀಟರಿನಷ್ಟು, ಆಮೇಲೆ ವರ್ಷಕ್ಕೆ ಸುಮಾರು ಐದು ಸೆಂಟಿಮೀಟರ್. ಕುಸಿದು ಕುಸಿದು ನೆಲ ಹೊಳೆಯ ಮಟ್ಟಕ್ಕೆ ಬಂದರೆ ಮುಂದೆ ನೆರೆ, ಉಪ್ಪುನೀರು. ಆಗ ತಾಳೆಯೂ ಬೆಳೆಯುವುದಿಲ್ಲ. ಲಾಭ ಇಪ್ಪತ್ತೈದು ವರ್ಷದ್ದು, ನಷ್ಟ ಶಾಶ್ವತ.

ಇನ್ನು ಬೆಂಕಿ. ಕಡಿದ ಕಾಡನ್ನು ಯಂತ್ರದಿಂದ ಸ್ವಚ್ಛ ಮಾಡಲು ದುಡ್ಡು ಬೇಕು, ಕಡ್ಡಿ ಗೀರಲು ಬೇಡ. ಒಣಗಿದ ಪೀಟಿಗೆ ಹಿಡಿದ ಬೆಂಕಿ ಮೇಲೆ ಮಾತ್ರ ಉರಿಯುವುದಿಲ್ಲ, ನೆಲದೊಳಗೆ ಇಳಿದು ವಾರಗಟ್ಟಲೆ ಹೊಗೆಯಾಡುತ್ತದೆ. ಹೆಲಿಕಾಪ್ಟರಿನಿಂದ ನೀರು ಸುರಿದರೆ ಮೇಲಿನ ಜ್ವಾಲೆ ಆರುತ್ತದೆ, ಕೆಳಗಿನದ್ದು ಇನ್ನೊಂದು ಕಡೆ ಮೇಲೇಳುತ್ತದೆ. ಕೊನೆಗೆ ಅದನ್ನು ನಂದಿಸುವುದು ಮಳೆ ಮಾತ್ರ.

2015ರಲ್ಲಿ ಆ ಮಳೆ ತಡವಾಯಿತು. ಜೂನ್‌ನಿಂದ ಅಕ್ಟೋಬರ್ ನಡುವೆ ಇಂಡೋನೇಷ್ಯಾದಲ್ಲಿ 26 ಲಕ್ಷ ಹೆಕ್ಟೇರ್ ಸುಟ್ಟಿತು. ಮಧ್ಯ ಕಾಲಿಮಂತಾನಿನ ಪಲಂಕರಾಯ ಪಟ್ಟಣದಲ್ಲಿ ಹಗಲು ಹಳದಿಯಾಯಿತು, ಶಾಲೆಗಳು ಮುಚ್ಚಿದವು. ಹೊಗೆ ಸಿಂಗಾಪುರ, ಮಲೇಷ್ಯಾ ದಾಟಿ ಥಾಯ್ಲೆಂಡಿನ ದಕ್ಷಿಣದವರೆಗೂ ಹೋಯಿತು. ಉಸಿರಾಟದ ಕಾಯಿಲೆಯ ಐದು ಲಕ್ಷಕ್ಕೂ ಹೆಚ್ಚು ಪ್ರಕರಣಗಳು ದಾಖಲಾದವು. ವಿಶ್ವಬ್ಯಾಂಕ್ ಲೆಕ್ಕ ಹಾಕಿದ ನಷ್ಟ 1,600 ಕೋಟಿ ಡಾಲರ್. 2004ರ ಸುನಾಮಿಯ ನಂತರ ಆಚೆಯನ್ನು ಮತ್ತೆ ಕಟ್ಟಲು ಆದ ಖರ್ಚಿನ ಎರಡು ಪಟ್ಟು ಅದು.

ಪಲಂಕರಾಯದ ಪಕ್ಕದಲ್ಲೇ ಆ ಬೆಂಕಿಗೆ ಇಪ್ಪತ್ತು ವರ್ಷ ಹಿಂದಿನ ಬೇರು ಇತ್ತು. 1995ರ ಕೊನೆಯಲ್ಲಿ ಸುಹಾರ್ತೊ ಸರಕಾರ ಅಲ್ಲಿ ಹತ್ತು ಲಕ್ಷ ಹೆಕ್ಟೇರ್ ಪೀಟ್ ಕಾಡನ್ನು ಭತ್ತದ ಗದ್ದೆ ಮಾಡುವ ಯೋಜನೆ ಹಾಕಿತು. ನಾಲ್ಕು ಸಾವಿರ ಕಿಲೋಮೀಟರಿಗೂ ಹೆಚ್ಚು ಕಾಲುವೆ ತೋಡಿದರು. ಭತ್ತ ಬರಲಿಲ್ಲ. ಕಾಡು ಮಾತ್ರ ಒಣಗಿತು. 1997ರಲ್ಲಿ ಹೊತ್ತಿತು, ಆಮೇಲೂ ಒಣ ವರ್ಷ ಬಂದಾಗಲೆಲ್ಲಾ ಹೊತ್ತುತ್ತಲೇ ಇದೆ. ತಜ್ಞರ ಮಾತು ಕೇಳದೆ ನಕ್ಷೆ ಮೇಲೆ ಗೆರೆ ಎಳೆಯುವ ಚಟ ಯಾವ ದೇಶದ ಸರಕಾರಕ್ಕೂ ಸುಲಭದಲ್ಲಿ ಬಿಡುವುದಿಲ್ಲ.

2015ರ ಹೊಗೆಯ ನಂತರ ಇಂಡೋನೇಷ್ಯಾದ ಉಲಮಾ ಮಂಡಳಿ ಸುಮ್ಮನೆ ಕೂರಲಿಲ್ಲ. 2016ರಲ್ಲಿ ಅದು ತನ್ನ 30ನೇ ಸಂಖ್ಯೆಯ ಫತ್ವಾ ಹೊರಡಿಸಿತು. ಹಾನಿ, ಮಾಲಿನ್ಯ, ಇತರರ ಆರೋಗ್ಯಕ್ಕೆ ಕೇಡು ತರುವ ರೀತಿಯಲ್ಲಿ ಕಾಡು ಮತ್ತು ಭೂಮಿ ಸುಡುವುದು ಹರಾಮ್ ಎಂದಿತು. ಅಷ್ಟಕ್ಕೇ ನಿಲ್ಲಿಸಲಿಲ್ಲ. ಸುಡಲು ಅನುಕೂಲ ಮಾಡಿಕೊಡುವುದು, ಸುಡುವುದನ್ನು ನೋಡಿಯೂ ಬಿಟ್ಟುಬಿಡುವುದು, ಅದರಿಂದ ಲಾಭ ಪಡೆಯುವುದು, ಇವೂ ಹರಾಮ್ ಎಂದು ಸೇರಿಸಿತು. ಕಡ್ಡಿ ಗೀರಿದ ದಿನಗೂಲಿ ಕಾರ್ಮಿಕ ಮಾತ್ರವಲ್ಲ, ಸಹಿ ಹಾಕಿದ ಅಧಿಕಾರಿ, ಜಕಾರ್ತದ ಎ.ಸಿ. ಕೋಣೆಯಲ್ಲಿ ಕೂತ ಮಾಲಕ ಕೂಡ ಆ ಮಾತಿನ ಒಳಗೆ ಬರುತ್ತಾರೆ. ಆದರೆ ಆ ದೇಶದಲ್ಲಿ ಫತ್ವಾಕ್ಕೆ ಕಾನೂನಿನ ಬಲ ಇಲ್ಲ. 2019ರ ಒಣಗಾಲದಲ್ಲಿ ಮತ್ತೆ 16 ಲಕ್ಷ ಹೆಕ್ಟೇರ್ ಸುಟ್ಟಿತು.

ಕಾನೂನಿನ ಬಲ ಏನು ಮಾಡಬಹುದು ಎಂಬುದಕ್ಕೆ ಆಚೆ ಪ್ರಾಂತದ ತ್ರಿಪಾ ಎಂಬ ಕೆಸರುಕಾಡಿನ ಪ್ರಕರಣ ನೋಡಬೇಕು. ತ್ರಿಪಾ ಇರುವುದು ಲೂಸರ್ ಎಂಬ ದೊಡ್ಡ ಅರಣ್ಯ ವಲಯದ ಪಶ್ಚಿಮ ತುದಿಯಲ್ಲಿ. ಸುಮಾರು 26 ಲಕ್ಷ ಹೆಕ್ಟೇರಿನ ಲೂಸರ್‌ನಲ್ಲಿ ಒರಾಂಗುಟಾನ್, ಆನೆ, ಖಡ್ಗಮೃಗ, ಹುಲಿ ನಾಲ್ಕೂ ಒಟ್ಟಿಗೆ ಬದುಕಿವೆ. ಜಗತ್ತಿನಲ್ಲಿ ಇಂಥ ಜಾಗ ಇನ್ನೊಂದಿಲ್ಲ. 2011ರ ಆಗಸ್ಟಿನಲ್ಲಿ ಆಚೆಯ ಗವರ್ನರ್, ಕಲ್ಲಿಸ್ತಾ ಆಲಂ ಎಂಬ ಕಂಪೆನಿಗೆ ತ್ರಿಪಾದ ಪೀಟ್ ಕಾಡಿನಲ್ಲಿ ತಾಳೆ ತೋಟಕ್ಕೆ ಪರವಾನಗಿ ಕೊಟ್ಟರು. ಅದೇ ವರ್ಷ ಮೇ ತಿಂಗಳಲ್ಲಿ ದೇಶದ ಅಧ್ಯಕ್ಷರು ಪ್ರಾಥಮಿಕ ಕಾಡು ಮತ್ತು ಪೀಟ್ ನೆಲದಲ್ಲಿ ಹೊಸ ಪರವಾನಗಿ ಕೊಡಬಾರದೆಂದು ಆದೇಶ ಹೊರಡಿಸಿದ್ದರು. ವಾಲ್ಹಿ ಎಂಬ ಪರಿಸರ ಸಂಘಟನೆ ಕೋರ್ಟಿಗೆ ಹೋಯಿತು, 2012ರಲ್ಲಿ ಪರವಾನಗಿ ರದ್ದಾಯಿತು. ಅಷ್ಟರಲ್ಲಿ ಕಾಡಿಗೆ ಬೆಂಕಿ ಬಿದ್ದಾಗಿತ್ತು. ಪರಿಸರ ಸಚಿವಾಲಯ ಹೂಡಿದ ಸಿವಿಲ್ ದಾವೆಯಲ್ಲಿ 2014ರ ಜನವರಿಯಲ್ಲಿ ಮೆವ್ಲಾಬೊ ಜಿಲ್ಲಾ ನ್ಯಾಯಾಲಯ, ಸುಮಾರು ಸಾವಿರ ಹೆಕ್ಟೇರ್ ಸುಟ್ಟದ್ದಕ್ಕೆ ಕಂಪೆನಿ 36,600 ಕೋಟಿ ರೂಪಿಯಾ ಕೊಡಬೇಕೆಂದು ತೀರ್ಪಿತ್ತಿತು. ಆಗಿನ ಲೆಕ್ಕದಲ್ಲಿ ಸುಮಾರು 3 ಕೋಟಿ ಡಾಲರ್. ಒಂದು ಭಾಗ ಪರಿಹಾರ, ದೊಡ್ಡ ಭಾಗ ಕಾಡನ್ನು ಮೊದಲಿನಂತೆ ಮಾಡುವ ಖರ್ಚು. ಸುಪ್ರೀಂ ಕೋರ್ಟ್ 2015ರಲ್ಲಿ ಅದನ್ನು ಎತ್ತಿ ಹಿಡಿಯಿತು. ಹಣ ವಸೂಲಿ ಮಾತ್ರ ವರ್ಷಗಟ್ಟಲೆ ಎಳೆದಾಡಿತು. ಕೋರ್ಟಿನಲ್ಲಿ ಗೆಲ್ಲುವುದು ಬೇರೆ, ಕೈಗೆ ಬರುವುದು ಬೇರೆ. ಇದನ್ನು ಎಂಡೋಸಲ್ಫಾನ್ ಪರಿಹಾರಕ್ಕಾಗಿ ಅಲೆದ ಕಾಸರಗೋಡಿನ ಮನೆಗಳಿಗೆ ಯಾರೂ ವಿವರಿಸಬೇಕಾಗಿಲ್ಲ.

'ಬೆಂಕಿ ಪಕ್ಕದ ರೈತ ಹಚ್ಚಿದ್ದು, ಗಾಳಿಗೆ ಬಂತು' ಎಂಬುದು ಇಂಥ ಕೇಸುಗಳಲ್ಲಿ ಕಂಪೆನಿಗಳ ಮಾಮೂಲಿ ವಾದ. ಅದನ್ನು ಒಡೆಯಲು ವಿಜ್ಞಾನ ಬೇಕಾಯಿತು. ಬೋಗೋರ್ ಕೃಷಿ ವಿಶ್ವವಿದ್ಯಾಲಯದ ಪ್ರೊಫೆಸರ್ ಬಂಬಾಂಗ್ ಹೀರೊ ಸಹಾರ್ಜೊ ಸುಟ್ಟ ನೆಲಕ್ಕೆ ಸ್ವತಃ ಹೋಗಿ ಬೂದಿ, ಮಣ್ಣು ಸಂಗ್ರಹಿಸುವವರು. ಉಪಗ್ರಹದಲ್ಲಿ ಕಂಡ ಬಿಸಿಚುಕ್ಕೆಗಳು ಗಾಳಿಯ ದಿಕ್ಕಿಗೆ ಹರಡಿದವೋ, ತೋಟದ ಗಡಿಯೊಳಗೆ ಸಾಲಾಗಿ ಎದ್ದವೋ? ಸುಡುವ ಮೊದಲೇ ಮರ ಕಡಿದು ಒಟ್ಟಿದ್ದರೋ? ಸುಟ್ಟ ಕೆಲವೇ ತಿಂಗಳಲ್ಲಿ ತಾಳೆ ಸಸಿ ಎದ್ದಿದೆಯೋ? ಇಂಥ ಪ್ರಶ್ನೆಗಳಿಗೆ ಉತ್ತರ ಕಟ್ಟಿ ಅವರು ನ್ಯಾಯಾಲಯದಲ್ಲಿ ಸಾಕ್ಷಿ ಹೇಳಿದರು. ಒಂದು ಕಂಪೆನಿ ಅವರ ಮೇಲೆಯೇ ದಾವೆ ಹೂಡಿತು. ಅವರು ಹಿಂದೆ ಸರಿಯಲಿಲ್ಲ. 2019ರಲ್ಲಿ ಅವರಿಗೆ ಜಾನ್ ಮ್ಯಾಡಕ್ಸ್ ಪ್ರಶಸ್ತಿ ಬಂತು. ಕಷ್ಟದ ನಡುವೆಯೂ ವಿಜ್ಞಾನದ ಪರ ನಿಂತವರಿಗೆ ಕೊಡುವ ಪ್ರಶಸ್ತಿ ಅದು. ಅರಣ್ಯಶಾಸ್ತ್ರ, ಉಪಗ್ರಹ ನಕ್ಷೆ ಅಂದರೆ ಕೆಲಸ ಸಿಗದ ಕೋರ್ಸ್ ಅಂತ ಮೂಗು ಮುರಿಯುವ ಹುಡುಗರು ಈ ಒಬ್ಬ ಮೇಷ್ಟ್ರ ಕಥೆ ಓದಬೇಕು.

ಕಾಡಿನ ಜನರಿಗೆ ಸಿಕ್ಕ ದೊಡ್ಡ ಗೆಲುವು 2013ರ ಮೇ 16ರದ್ದು. ಪಾರಂಪರಿಕ ಸಮುದಾಯಗಳ ಒಕ್ಕೂಟ ಹೂಡಿದ ಅರ್ಜಿಯ ಮೇಲೆ ಇಂಡೋನೇಷ್ಯಾದ ಸಂವಿಧಾನ ನ್ಯಾಯಾಲಯ, ಪಾರಂಪರಿಕ ಕಾಡು ಸರಕಾರಿ ಕಾಡಲ್ಲ ಎಂದು ಹೇಳಿತು. ಕಾಯ್ದೆಯಲ್ಲಿದ್ದ 'ಸರಕಾರಿ' ಎಂಬ ಒಂದು ಪದವನ್ನು ಹೊಡೆದುಹಾಕಿತು, ಅಷ್ಟೇ. ಆ ಒಂದು ಪದದ ಹಿಂದೆ ಊರೂರುಗಳೇ ಇದ್ದವು. ಆದರೆ ತೀರ್ಪಿನಡಿ ಮೊದಲ ಒಂಬತ್ತು ಸಮುದಾಯಗಳಿಗೆ ಕಾಡಿನ ಹಕ್ಕುಪತ್ರ ಸಿಕ್ಕಿದ್ದು 2016ರ ಡಿಸೆಂಬರ್ ಕೊನೆಗೆ. ಕಂಪೆನಿಯ ಫೈಲಿನಷ್ಟು ವೇಗದಲ್ಲಿ ಹಳ್ಳಿಯವರ ಫೈಲು ಓಡುವುದಿಲ್ಲ ಎಂಬುದು ಅಲ್ಲಿನ ನಿಯಮವೂ ಹೌದು.

ಇಷ್ಟೆಲ್ಲಾ ಆದ ಮೇಲೆ ಏನಾದರೂ ಬದಲಾಯಿತಾ? ಬದಲಾಯಿತು. ಇಂಡೋನೇಷ್ಯಾದಲ್ಲಿ ಮೂಲ ಮಳೆಕಾಡಿನ ನಾಶ 2016ರಲ್ಲಿ ತುದಿ ಮುಟ್ಟಿ ಆಮೇಲೆ ಇಳಿಯಿತು. 2021ರ ಹೊತ್ತಿಗೆ ವಾರ್ಷಿಕ ನಷ್ಟ ಆ ಮಟ್ಟದ ಮೂರನೇ ಒಂದಕ್ಕಿಂತಲೂ ಕಡಿಮೆ. ಪೀಟ್ ನೆಲಕ್ಕೆ ಮತ್ತೆ ನೀರು ತುಂಬಿಸಲು 2016ರಲ್ಲಿ ಪ್ರತ್ಯೇಕ ಸಂಸ್ಥೆಯೇ ಹುಟ್ಟಿತು. ಅದರ ಮುಖ್ಯ ಕೆಲಸ ಕೇಳಲು ತೀರಾ ಸಾದಾ, ತೋಡಿದ ಕಾಲುವೆಗಳಿಗೆ ಅಡ್ಡಕಟ್ಟೆ ಕಟ್ಟುವುದು. 2011ರ ತಡೆಯಾಜ್ಞೆ 2019ರಲ್ಲಿ ಶಾಶ್ವತವಾಯಿತು, 6.6 ಕೋಟಿ ಹೆಕ್ಟೇರ್ ಅದರಡಿ ಬಂತು. ದೊಡ್ಡ ಎಣ್ಣೆ ವ್ಯಾಪಾರಿಗಳಲ್ಲಿ ವಿಲ್ಮಾರ್ 2013ರ ಡಿಸೆಂಬರಿನಲ್ಲಿ, ಕಾಡು ಕಡಿದ, ಪೀಟ್ ಅಗೆದ, ಜನರನ್ನು ಶೋಷಿಸಿದ ತೋಟದ ಎಣ್ಣೆ ಕೊಳ್ಳುವುದಿಲ್ಲ ಎಂದು ನೀತಿ ಪ್ರಕಟಿಸಿತು, ಉಳಿದವರು ಹಿಂಬಾಲಿಸಿದರು. ತಾಳೆ ಎಣ್ಣೆಗೆ ರೇಟು ಬಿದ್ದಿದ್ದೂ ಆ ವರ್ಷಗಳಲ್ಲಿ ಸಹಾಯ ಮಾಡಿತು ಎಂಬುದನ್ನು ಮುಚ್ಚಿಡಬಾರದು. ಮತ್ತೆ ತೂತುಗಳೂ ಇವೆ. ತಡೆಯಾಜ್ಞೆ ಕಾಯುವುದು ಪ್ರಾಥಮಿಕ ಕಾಡನ್ನು, ಒಮ್ಮೆ ಮರ ಕಡಿಸಿಕೊಂಡು ಚೇತರಿಸುತ್ತಿರುವ ಕಾಡನ್ನಲ್ಲ. ಹೊಸ ತಾಳೆ ಪರವಾನಗಿಗೆ 2018ರಲ್ಲಿ ಹಾಕಿದ ಮೂರು ವರ್ಷದ ತಡೆ 2021ರಲ್ಲಿ ಮುಗಿದುಹೋಯಿತು. ಸುಲವೇಸಿ, ಹಲ್ಮಹೇರಾ ದ್ವೀಪಗಳಲ್ಲಿ ಈಗ ಬ್ಯಾಟರಿಗೆ ಬೇಕಾದ ನಿಕ್ಕಲ್ ಗಣಿ ಕಾಡಿನೊಳಗೆ ನುಗ್ಗುತ್ತಿದೆ.

ಹಾಗಾದರೆ ಪಾಮೊಲಿನ್ ಬಹಿಷ್ಕರಿಸಿದರೆ ಮುಗಿಯಿತಲ್ಲ ಅಂತ ಅನ್ನಿಸಬಹುದು. ಲೆಕ್ಕ ಅಷ್ಟು ಸುಲಭ ಇಲ್ಲ. ಒಂದು ಹೆಕ್ಟೇರ್ ತಾಳೆ ವರ್ಷಕ್ಕೆ ಮೂರೂವರೆ ಟನ್ ಆಸುಪಾಸು ಎಣ್ಣೆ ಕೊಡುತ್ತದೆ, ಸೋಯಾ ಅರ್ಧ ಟನ್ ಕೊಟ್ಟರೆ ಹೆಚ್ಚು. ಬೇರೆ ಎಣ್ಣೆಕಾಳುಗಳಿಗೆ ಒಂಬತ್ತು ಪಟ್ಟುವರೆಗೂ ಹೆಚ್ಚು ಜಾಗ ಬೇಕಾಗುತ್ತದೆ ಎಂದು ಐಯುಸಿಎನ್ 2018ರ ವರದಿಯಲ್ಲಿ ಹೇಳಿದೆ. ತಾಳೆ ಬಿಟ್ಟು ಸೋಯಾ ಹಿಡಿದರೆ ಗರಗಸ ಬೋರ್ನಿಯೊದಿಂದ ದಕ್ಷಿಣ ಅಮೆರಿಕಕ್ಕೆ ಹೋಗಬಹುದು. ಪ್ರಶ್ನೆ ಇರುವುದು ಯಾವ ಮರ ಎಂಬುದರಲ್ಲಿ ಅಲ್ಲ, ಯಾವ ನೆಲ, ಯಾರನ್ನು ಕೇಳಿ ಎಂಬುದರಲ್ಲಿ. ಯುರೋಪಿನ ಕೊಳ್ಳುವವರು ಆ ಪ್ರಶ್ನೆ ಕೇಳಲು ಶುರು ಮಾಡಿದ್ದಾರೆ. ಭಾರತದ ಮಾರುಕಟ್ಟೆ ಇನ್ನೂ ಕಿಲೋಗೆ ಎಷ್ಟು ಅಂತ ಮಾತ್ರ ಕೇಳುತ್ತದೆ. ಟಿನ್ ಮೇಲೆ ಯಾವ ಎಣ್ಣೆ ಎಂದು ಬರೆದಿರುತ್ತದೆ, ಯಾವ ಕಾಡಿನ ಜಾಗದ್ದು ಎಂದು ಇರುವುದಿಲ್ಲ. ಹಾಗಾಗಿ ಬೇರೆಡೆ ಬೇಡವಾದ ಎಣ್ಣೆಗೂ ಇಲ್ಲಿ ಬಾಗಿಲು ತೆರೆದಿದೆ. ಬೇಕರಿ ಮಾಲಕರು, ಕ್ಯಾಟರಿಂಗ್‌ನವರು, ಹೋಲ್‌ಸೇಲ್ ವ್ಯಾಪಾರಿಗಳು ಸಮುದಾಯದಲ್ಲಿ ಬೇಕಾದಷ್ಟಿದ್ದಾರೆ. ಒಂದು ಟಿನ್ ಕೊಳ್ಳುವವನ ಪ್ರಶ್ನೆಗಿಂತ ಸಾವಿರ ಟಿನ್ ಕೊಳ್ಳುವವರ ಪ್ರಶ್ನೆಗೆ ಕಂಪೆನಿ ಬೇಗ ಕಿವಿಗೊಡುತ್ತದೆ.

2022ರ ಏಪ್ರಿಲ್ ಕೊನೆಯಲ್ಲಿ ಇಂಡೋನೇಷ್ಯಾ ತನ್ನ ಜನರಿಗೇ ಎಣ್ಣೆ ಸಾಲದೆಂದು ರಫ್ತು ನಿಲ್ಲಿಸಿತು. ಮೂರು ವಾರ ಚಿಲ್ಲರೆ ನಡೆದ ಆ ನಿಷೇಧ ದಿಲ್ಲಿಯನ್ನು ಬೆಚ್ಚಿಬೀಳಿಸಿತು. ಅದಕ್ಕೂ ಮೊದಲೇ, 2021ರ ಆಗಸ್ಟಿನಲ್ಲಿ, ಕೇಂದ್ರ ಸರಕಾರ 11,040 ಕೋಟಿ ರೂಪಾಯಿಯ ತಾಳೆ ಎಣ್ಣೆ ಮಿಷನ್ ಘೋಷಿಸಿತ್ತು. ಎಣ್ಣೆಯಲ್ಲಿ ಸ್ವಾವಲಂಬನೆ ಬೇಕೆಂಬುದು ನ್ಯಾಯವೇ. ಆದರೆ ಆ ಮಿಷನ್ ವಿಶೇಷ ಗಮನ ಕೊಟ್ಟ ಜಾಗಗಳು ಈಶಾನ್ಯ ರಾಜ್ಯಗಳು ಮತ್ತು ಅಂಡಮಾನ್-ನಿಕೋಬಾರ್. ಎರಡೂ ಮಳೆಕಾಡಿನ ನಾಡು. ಆಂಧ್ರ, ತೆಲಂಗಾಣದಲ್ಲಿ ಈಗಾಗಲೇ ಉಳುಮೆಯಲ್ಲಿರುವ ಹೊಲದಲ್ಲಿ ತಾಳೆ ನೆಡುವುದಕ್ಕೂ, ಮಿಜೋರಾಮಿನ ಗುಡ್ಡದಲ್ಲಿ ನೆಡುವುದಕ್ಕೂ ವ್ಯತ್ಯಾಸ ಇದೆ. ಗುಡ್ಡದ ದಾರಿಯಲ್ಲಿ ಗೊನೆ ಎರಡು ದಿನದೊಳಗೆ ಕಾರ್ಖಾನೆ ಸೇರದಿದ್ದರೆ ರೈತನಿಗೂ ಉಳಿಯುವುದು ಕೊಳೆತ ಹಣ್ಣೇ.

ಅಂಡಮಾನಿನಲ್ಲಿ ಇದೇನೂ ಹೊಸ ಪ್ರಯೋಗ ಅಲ್ಲ. ಒಂಗೆ ಬುಡಕಟ್ಟಿನವರ ನೆಲೆಯಾದ ಲಿಟಲ್ ಅಂಡಮಾನ್ ದ್ವೀಪದಲ್ಲಿ 1970ರ ದಶಕದ ಮಧ್ಯದಿಂದ ಸುಮಾರು 1,600 ಹೆಕ್ಟೇರ್ ಮಳೆಕಾಡು ಕಡಿದು ಸರಕಾರವೇ ತಾಳೆ ನೆಟ್ಟಿತ್ತು. 2002ರಲ್ಲಿ ಸುಪ್ರೀಂ ಕೋರ್ಟ್ ದ್ವೀಪಗಳ ಕಾಡಿನ ಬಗ್ಗೆ ಶೇಖರ್ ಸಿಂಗ್ ಆಯೋಗದ ಶಿಫಾರಸುಗಳನ್ನು ಒಪ್ಪಿ ಆದೇಶ ಕೊಟ್ಟ ಮೇಲೆ ಆ ತೋಟ ಬೆಳೆಯುವುದು ನಿಂತಿತು. ಕೋರ್ಟಿನ ಆ ಆದೇಶ ಇದ್ದರೂ, ಹತ್ತೊಂಬತ್ತು ವರ್ಷದ ನಂತರ ಹೊಸ ಮಿಷನ್ನಿನ ಪಟ್ಟಿಯಲ್ಲಿ ಆ ದ್ವೀಪಗಳ ಹೆಸರು ಮತ್ತೆ ಬಂದಿದೆ.